ನಿಮ್ಮ ರೇಡಿಯೊ ಲೇಖನದ ಬಗ್ಗೆ

ನಮಸ್ಕಾರ,

ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ರಾಜಕೀಯ ಸುದ್ದಿಯಲ್ಲಿ ನಿಜವನ್ನೂ ಸುಳ್ಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ ಎಂದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಮತ್ತೆ ಬರೆಯಿರಿ.

ಮೊದಲ ಎರಡು ಪುಟದಲ್ಲಿ ಬರೀ ಸಿಟ್ಟೇ ಇದೆ. 'ಹೇಡಿಗಳು', 'ಮಾರಿಕೊಂಡವರು' ಅಂತೆಲ್ಲ ಬೈದಿದ್ದೀರಿ. ನಿಜವಾದ ವಿಷಯ ನಾಲ್ಕನೇ ಪುಟದ ಒಂದು ಸಾಲಿನಲ್ಲಿದೆ: 2009ರಲ್ಲಿ ಎನ್‌ಪಿಆರ್ 'ಚಿತ್ರಹಿಂಸೆ' ಎನ್ನಲು ಹಿಂಜರಿಯಿತು. ಇಷ್ಟು ಹೇಳಿ ಸುಮ್ನೆ ಮುಂದೆ ಹೋಗಿದ್ದೀರಲ್ಲ! ಅಲ್ಲೇ ನಿಲ್ಲಬೇಕಿತ್ತು. ಅಮೆರಿಕದ ವಿಚಾರಣಾಧಿಕಾರಿಗಳು ಭಯೋತ್ಪಾದನೆಯ ಶಂಕೆಯಲ್ಲಿ ಹಿಡಿದ ಕೈದಿಯನ್ನು ಹಲಗೆಗೆ ಕಟ್ಟಿ, ಮುಖಕ್ಕೆ ಬಟ್ಟೆ ಹಾಕಿ, ಉಸಿರು ಕಟ್ಟುವಂತೆ ನೀರು ಸುರಿಯುತ್ತಿದ್ದರು. ಬುಷ್ ಸರ್ಕಾರ ಇದಕ್ಕೆ 'ಸುಧಾರಿತ ವಿಚಾರಣಾ ವಿಧಾನ' ಎಂದು ಹೆಸರಿಟ್ಟಿತ್ತು. ಚಿತ್ರಹಿಂಸೆ ಎಂದರೆ ಒಂದು ಕಡೆಯವರ ಪರ ನಿಂತಿರಿ ಎಂಬ ಆರೋಪ ಬರುತ್ತದೆ, ಮಾಡಿದ್ದನ್ನು ವಿವರಿಸಿದರೆ ಒಳ್ಳೆಯದು ಎಂದು ಎನ್‌ಪಿಆರ್‌ನ ಆಗಿನ ಓಂಬುಡ್ಸ್‌ಮನ್ (ಕೇಳುಗರ ದೂರು ಪರಿಶೀಲಿಸುವವರು) ಅಲಿಸಿಯಾ ಶೆಪರ್ಡ್ ವಾದಿಸಿದರು. ಆದರೆ ಎರಡನೇ ಮಹಾಯುದ್ಧದ ನಂತರ ಇದೇ ಬಗೆಯ ನೀರಿನ ಹಿಂಸೆ ಕೊಟ್ಟ ಜಪಾನಿ ಸೈನಿಕರನ್ನು ಅಮೆರಿಕವೇ ಯುದ್ಧಾಪರಾಧಿಗಳೆಂದು ಶಿಕ್ಷಿಸಿತ್ತು. ತಮ್ಮವರೇ ಮಾಡಿದಾಗ ಮಾತ್ರ ಅದು 'ಎರಡು ಅಭಿಪ್ರಾಯ' ಇರುವ ವಿಷಯವಾಯಿತು. ಇದನ್ನು ನಿಧಾನವಾಗಿ ಹೇಳಿ. ಓದುವವರಿಗೆ ತಾನಾಗಿಯೇ ಸಿಟ್ಟು ಬರುತ್ತದೆ.

ಹೀಗೇಕೆ ಆಗುತ್ತದೆ ಎಂಬುದೂ ಬೇಕು. ಸಾರ್ವಜನಿಕ ಪ್ರಸಾರದ 1967ರ ಕಾನೂನೇ ವಿವಾದದ ವಿಷಯಗಳಲ್ಲಿ 'ಸಮತೋಲನ' ಕೇಳುತ್ತದೆ. ದುಡ್ಡು ಮಂಜೂರು ಮಾಡುತ್ತಿದ್ದುದು ಅಮೆರಿಕದ ಸಂಸತ್ತಾದ ಕಾಂಗ್ರೆಸ್. ಆ ದುಡ್ಡು ನಿಂತೀತೆಂಬ ಭಯದಲ್ಲಿ ಕೆಲಸ ಮಾಡಿದವರನ್ನು ಮಾರಿಕೊಂಡವರು ಎನ್ನುವುದು ಅನ್ಯಾಯ. 2012ರಲ್ಲಿ ತನ್ನ ನೀತಿ ಕೈಪಿಡಿಯಲ್ಲಿ ಎನ್‌ಪಿಆರ್, ಸಮತೋಲನದ ತೋರಿಕೆ ನಮ್ಮ ಗುರಿಯಲ್ಲ, ಸತ್ಯ ಹುಡುಕುವುದು ಗುರಿ ಎಂದು ಬರೆದುಕೊಂಡಿತು. ಅದನ್ನು ಬಿಟ್ಟಿದ್ದೀರಿ, ಸೇರಿಸಿ. 2025ರ ಜುಲೈನಲ್ಲಿ ಸಾರ್ವಜನಿಕ ಪ್ರಸಾರದ ಸುಮಾರು 110 ಕೋಟಿ ಡಾಲರನ್ನು ಕಾಂಗ್ರೆಸ್ ವಾಪಸ್ ತೆಗೆದುಕೊಂಡಿತು. ಅಷ್ಟು ವರ್ಷ ಅಳೆದೂ ಸುರಿದೂ ಮಾತಾಡಿದರೂ ದುಡ್ಡು ಉಳಿಯಲಿಲ್ಲ. ನನಗೆ ಇದನ್ನು ಓದುವಾಗ ತುಂಬಾ ನೋವಾಗುತ್ತದೆ.

ಇನ್ನು ಕೊನೆಯ ಪ್ಯಾರಾ. ಟ್ರಂಪ್ ಸೋತ 2020ರ ಅಮೆರಿಕ ಅಧ್ಯಕ್ಷ ಚುನಾವಣೆಯ ಬಗ್ಗೆ 'ಎರಡೂ ಕಡೆಯವರಿಗೆ ತಮ್ಮದೇ ಸತ್ಯವಿದೆ' ಎಂದು ಮುಗಿಸಿದ್ದೀರಿ. ಯಾವ ತಪ್ಪಿಗೆ ರೇಡಿಯೊವನ್ನು ಐದು ಪುಟ ಬೈದಿರೋ ಅದನ್ನೇ ಇಲ್ಲಿ ನೀವೂ ಮಾಡಿದ್ದೀರಿ, ಅಲ್ವಾ? ಆ ಚುನಾವಣೆಯನ್ನು ಪ್ರಶ್ನಿಸಿ ಟ್ರಂಪ್ ಮತ್ತು ಅವರ ಬೆಂಬಲಿಗರು 60ಕ್ಕೂ ಹೆಚ್ಚು ಮೊಕದ್ದಮೆ ಹೂಡಿದರು. ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋದವು. ಅದನ್ನು ಬರೆಯಿರಿ. 'ಎರಡೂ ಕಡೆ' ಸಾಲು ತೆಗೆದುಹಾಕಿ, 2009ರ ಭಾಗವನ್ನು ಮೊದಲಿಗೆ ತಂದು, ಮೂರು ಪುಟಕ್ಕೆ ಇಳಿಸಿ ಕಳಿಸಿ. ಬಂದ ದಿನವೇ ಓದುತ್ತೇನೆ.