ಹಳೆಯ ಕಂಪ್ಯೂಟರಿಗೆ ಫಾರ್ಮ್ಯಾಟ್ ಮದ್ದೇ?

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಸುಮಾರು ಹತ್ತು ವರ್ಷವಾಗಿದೆ. ವಿಂಡೋಸ್ 10, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಇವೆ. ಆನ್ ಮಾಡಿದರೆ ಬಳಕೆಗೆ ಸಿದ್ಧವಾಗಲು ಹಲವು ನಿಮಿಷ ಹಿಡಿಯುತ್ತದೆ. ಬ್ರೌಸರ್‌ನಲ್ಲಿ ಎರಡು ಮೂರು ಟ್ಯಾಬ್ ತೆರೆದರೆ ಸ್ತಬ್ಧವಾಗುತ್ತದೆ. ಫಾರ್ಮ್ಯಾಟ್ ಮಾಡಿಸಿದರೆ ಸರಿಹೋಗುವುದೇ ಅಥವಾ ಹೊಸದನ್ನೇ ಕೊಳ್ಳಬೇಕೇ?

ಉತ್ತರ: ಫಾರ್ಮ್ಯಾಟ್ ಮಾಡಿಸುವ ಅವಸರ ಬೇಡ. ಅದರಿಂದ ಕೆಲವು ದಿನ ಹಗುರವೆನಿಸಿದರೂ, ಅಪ್‌ಡೇಟ್‌ಗಳೂ ಬಳಸುವ ತಂತ್ರಾಂಶಗಳೂ ಮರಳಿ ಬಂದು ಸೇರಿದೊಡನೆ ಹಳೆಯ ಪಾಡೇ ಮರುಕಳಿಸುವುದು ಸಾಮಾನ್ಯ. ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಬಳಕೆ ಕಡಿಮೆಯಿದ್ದು, ಡಿಸ್ಕ್ ಮಾತ್ರ ಶೇ 100 ತೋರಿಸುತ್ತಾ, ಅದೇ ಹೊತ್ತಿಗೆ ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿಯನ್ನೂ ದಾಟದಿದ್ದರೆ ತೊಡಕು ಹಾರ್ಡ್ ಡಿಸ್ಕಿನಲ್ಲಿದೆ ಎಂದೇ ತಿಳಿಯಬಹುದು.

ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯ ಮೇಲೆ ಚದುರಿದ ಕಡತಗಳನ್ನು ಹೆಡ್ (ಓದುವ, ಬರೆಯುವ ಭಾಗ) ಅತ್ತಿತ್ತ ಸರಿದು ಹುಡುಕಬೇಕಾಗಿರುವುದರಿಂದ, ಅಂತಹ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಬಿಡಿ ಕೋರಿಕೆಗಳನ್ನಷ್ಟೇ ಪೂರೈಸಬಲ್ಲದು. ಹಾರ್ಡ್ ಡಿಸ್ಕಿನ ಬದಲು ಬಳಸುವ, ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಸಾವಿರಾರನ್ನು ಪೂರೈಸುತ್ತದೆ. ಇನ್ನು 4 ಜಿಬಿ ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಅದೇ ಡಿಸ್ಕಿಗೆ ಬರೆದು ಮತ್ತೆ ಓದತೊಡಗುವುದರಿಂದ ನಿಮ್ಮ ಕಂಪ್ಯೂಟರ್ ಟ್ಯಾಬ್ ತೆರೆದಾಗಲೆಲ್ಲ ಸ್ತಬ್ಧವಾಗುತ್ತಿರಬೇಕು.

ಆದ್ದರಿಂದ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕಿನಂತೆಯೇ ಕೇಬಲ್ ಮೂಲಕ ಜೋಡಿಸುವ ಬಗೆಯ) ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಾದರೆ ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ. ಎರಡರಲ್ಲಿ ಒಂದೇ ಸಾಧ್ಯವೆಂದರೆ ನನ್ನ ಆಯ್ಕೆ ಎಸ್‌ಎಸ್‌ಡಿಯೇ. ಡಿಡಿಆರ್3 ಮತ್ತು ಡಿಡಿಆರ್4 ಎಂಬ ಎರಡು ತಲೆಮಾರಿನ ರ‍್ಯಾಮ್ ಪಟ್ಟಿಗಳ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೊಳ್ಳುವ ಮುನ್ನ ನಿಮ್ಮದು ಯಾವುದೆಂದು ನೋಡಿಕೊಳ್ಳಿ. ಹಾರ್ಡ್ ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಅಥವಾ ಕಡತ ನಕಲಿಸುವಾಗ ನಡುವೆಯೇ ನಿಲ್ಲುತ್ತಿದ್ದರೆ, ಬೇರೆಲ್ಲವನ್ನೂ ಬದಿಗಿಟ್ಟು ಫೋಟೊ, ದಾಖಲೆಗಳನ್ನು ಬೇರೆಡೆ ಉಳಿಸಿಕೊಳ್ಳಿ.

ವೇಗ ಹೆಚ್ಚಿಸುವುದಾಗಿ ಹೇಳಿಕೊಳ್ಳುವ ‘ಕ್ಲೀನರ್’ ತಂತ್ರಾಂಶಗಳು ಬೇಡ; ಅವೂ ಹಿನ್ನೆಲೆಯಲ್ಲಿ ಓಡುತ್ತಾ ಇರುವ ರ‍್ಯಾಮ್ ಅನ್ನೇ ಕಬಳಿಸುತ್ತವೆ.

ಹೊಸದನ್ನು ಕೊಳ್ಳುವ ಪ್ರಶ್ನೆ ಏಳುವುದು ಬೇರೆ ಕಾರಣಕ್ಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್‌ಗಳನ್ನು ಒದಗಿಸುವುದು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಷ್ಟು ಹಳೆಯ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇರುವುದಿಲ್ಲ. ಬ್ರೌಸರ್, ಪತ್ರ ಬರವಣಿಗೆ, ವಿಡಿಯೊ ವೀಕ್ಷಣೆಯಷ್ಟೇ ನಿಮ್ಮ ಅಗತ್ಯವಾಗಿದ್ದರೆ, ಎಸ್‌ಎಸ್‌ಡಿ ಹಾಕಿಸುವಾಗಲೇ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್‌ನಂತಹ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಅನುಸ್ಥಾಪಿಸಿಕೊಂಡರೆ ಇದೇ ಯಂತ್ರವನ್ನು ಮುಂದುವರಿಸಬಹುದು.