ಆಫೀಸಿಗೂ ಜೋಡಿ ಪ್ರಯಾಣಕ್ಕೂ ಒಂದೇ ಬೈಕ್: ಹಿಂದಿನ ಸೀಟಿನಿಂದ ಶುರು ಮಾಡಿ

ದಿನಾ ಯಲಹಂಕದಿಂದ ಮಾರತಹಳ್ಳಿಗೆ ಒಬ್ಬರೇ, ತಿಂಗಳಿಗೊಮ್ಮೆ ಹೆಂಡತಿ ಜೊತೆ ಚಿಕ್ಕಮಗಳೂರಿನ ಕಡೆ. ಓಡಿಸೋಕೆ ಮಜಾ ಇರಬೇಕು, ಹಿಂದೆ ಕೂತವರ ಬೆನ್ನೂ ಉಳೀಬೇಕು. ಕೆಟಿಎಂ 390 ಡ್ಯೂಕ್, ಟ್ರಯಂಫ್ ಸ್ಪೀಡ್ 400, ಬಜಾಜ್ ಡಾಮಿನಾರ್ 400, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಇವುಗಳಲ್ಲಿ ಯಾವುದು ಅಂತ ಕೇಳಿದ್ದೀರಿ.

ನಾನು ಮೊದಲು ತಗೊಂಡಿದ್ದು ಒಂದು ಚೂಪು ಮೂತಿಯ ಸ್ಪೋರ್ಟ್ಸ್ ಬೈಕು, ಹೆಸರು ಬೇಡ. ಆಫೀಸಿಗೆ ಹೋಗೋಕೆ ಚಿನ್ನದಂಥ ಗಾಡಿ. ಹೆಂಡತಿಯನ್ನ ಕೂರಿಸ್ಕೊಂಡು ಮೊದಲ ಸಲ ಹಾಸನದ ದಾರಿ ಹಿಡಿದಾಗ ನೆಲಮಂಗಲ ದಾಟೋ ಮೊದಲೇ ಶುರುವಾಯ್ತು: ನಾನು ಬ್ರೇಕ್ ಹಿಡಿದಾಗಲೆಲ್ಲ ಅವಳ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್. ಹಿಂದಿನ ಸೀಟು ಎತ್ತರ, ಸಾಲದ್ದಕ್ಕೆ ಮುಂದಕ್ಕೆ ಇಳಿಜಾರು. ಪ್ರತಿ ಸಲ ಅವಳು ಜಾರಿ ಬರ್ತಿದ್ದಳು, ಫುಟ್‌ರೆಸ್ಟ್ ಮೇಲೆ ನಿಂತು ಮತ್ತೆ ಹಿಂದೆ ಸರೀತಿದ್ದಳು. ಬೆಳ್ಳೂರು ಕ್ರಾಸಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಮಾತಿಲ್ಲ. ಹಾಸನದಲ್ಲಿ ಹೇಳಿದ್ದು ಒಂದೇ ಮಾತು: "ನೀನು ಇದರಲ್ಲಿ ಬಾ, ನಾನು ಕೆಂಪು ಬಸ್ಸಲ್ಲಿ ಬರ್ತೀನಿ." ಹಾಗೇ ಮಾಡಿದಳು. ಬಸ್ಸಲ್ಲಿ ಒಳ್ಳೆ ನಿದ್ದೆ ಬಂತಂತೆ.

ಅದಕ್ಕೇ ಎಂಜಿನ್ನಿನ ಲೆಕ್ಕ ಆಮೇಲೆ, ಮೊದಲು ಹಿಂದಿನ ಸೀಟು ನೋಡಿ ಅಂತೀನಿ. ಅವರ ಮಂಡಿ ಎಷ್ಟು ಮಡಚುತ್ತೆ, ಹಿಡ್ಕೊಳ್ಳೋಕೆ ಗಟ್ಟಿ ಹಿಡಿ ಇದೆಯಾ, ಬ್ರೇಕ್ ಹಾಕಿದ್ರೆ ಜಾರ್ತಾರಾ. ನೀವೊಬ್ಬರೇ ಒಂದೂವರೆ ಕಿಲೋಮೀಟರ್ ಸುತ್ತಿ ಬಂದ್ರೆ ಇದ್ಯಾವುದೂ ಗೊತ್ತಾಗಲ್ಲ. ಇಬ್ಬರೂ ಕೂತು ಅರ್ಧ ಗಂಟೆ, ನಾಲ್ಕು ಹಂಪ್ ಇರೋ ರಸ್ತೆಯಲ್ಲಿ ಓಡಿಸಿ.

ಪವರ್ ಬಗ್ಗೆ ತಲೆ ಕೆಡಿಸ್ಕೊಳ್ಳಬೇಡಿ. ನಿಮ್ಮ ಪಟ್ಟಿಯ ನಾಲ್ಕೂ 40 ಪಿಎಸ್ (ಅಶ್ವಶಕ್ತಿಯ ಅಳತೆ) ಆಸುಪಾಸು ಅಥವಾ ಮೇಲೆ. ಇಬ್ಬರು, ಎರಡು ಬ್ಯಾಗು ಹೊತ್ತು ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕೋಕೆ ಅಷ್ಟು ಧಾರಾಳ ಸಾಕು. ಮೈಸೂರು ಕಡೆ ಹೋದ್ರಂತೂ ಆ ಪವರ್ ತೋರಿಸೋಕೆ ಜಾಗವೇ ಇಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳಿಗೆ ಪ್ರವೇಶ ಇಲ್ಲ, ಸರ್ವಿಸ್ ರೋಡೇ ಗತಿ.

ತೂಕ ಮಾತ್ರ ದಿನಾ ಕಾಡುತ್ತೆ. ಡ್ಯೂಕ್ ಸುಮಾರು 168 ಕೆ.ಜಿ., ಸ್ಪೀಡ್ 400 ಸುಮಾರು 176, ಡಾಮಿನಾರ್ 193, ಹಿಮಾಲಯನ್ 196. ಹೆಬ್ಬಾಳದ ಜಾಮಿನಲ್ಲಿ ಇಂಚಿಂಚು ಸರಿಸುವಾಗ ಈ ಇಪ್ಪತ್ತು ಚಿಲ್ಲರೆ ಕೆ.ಜಿ. ವ್ಯತ್ಯಾಸ ಎಡಗಾಲಿಗೆ ಗೊತ್ತಾಗುತ್ತೆ. ಹಿಮಾಲಯನ್ ಸೀಟು 825 ಮಿ.ಮೀ. ಎತ್ತರ. ನಿಮ್ಮ ಕಾಲು ಉದ್ದ ಇದ್ರೆ ತೊಂದರೆ ಇಲ್ಲ. ತುದಿಗಾಲಲ್ಲಿ ನಿಲ್ಲೋ ಹಾಗಿದ್ರೆ, ಹಿಂದೆ ಕೂತವರು ಇಳಿಯುವಾಗ ಗಾಡಿ ವಾಲಿದರೆ ಹಿಡಿಯೋದು ಕಷ್ಟ.

ನಾನೀಗ ಮೂರು ವರ್ಷದಿಂದ ಓಡಿಸ್ತಿರೋದು ಡಾಮಿನಾರ್. ಅಗಲ ಸೀಟು, ಅವಳು ದೂರಿಲ್ಲದೆ ಕೂರ್ತಾಳೆ, ಅದೇ ದೊಡ್ಡ ಸರ್ಟಿಫಿಕೇಟು. ಡ್ಯೂಕಿನ ಚುರುಕು ಇದಕ್ಕಿಲ್ಲ, ಸುಳ್ಳು ಹೇಳಲ್ಲ. ತಿಂಗಳಿಗೊಮ್ಮೆ ಖಂಡಿತ ಇಬ್ಬರೂ ಹೋಗೋದಾದ್ರೆ ನನ್ನ ವೋಟು ಡಾಮಿನಾರ್‌ಗೆ. ಕಾಫಿ ತೋಟದ ಹೋಂಸ್ಟೇ ಅಂತ ಮಣ್ಣಿನ ದಾರಿಗೂ ಇಳಿಯೋದಾದ್ರೆ ಹಿಮಾಲಯನ್, ಅದರ 17 ಲೀಟರ್ ಟ್ಯಾಂಕೂ ಲಾಭ. ಆದರೆ ಪ್ರಾಮಾಣಿಕವಾಗಿ ಲೆಕ್ಕ ಹಾಕಿ: ಕಳೆದ ವರ್ಷ ನಿಜಕ್ಕೂ ಎಷ್ಟು ಸಲ ಹೋಗಿದ್ರಿ? ಎರಡೇ ಸಲ ಅಂದ್ರೆ ಸ್ಪೀಡ್ 400 ತಗೊಂಡು ದಿನಾ ಖುಷಿಪಡಿ. ಡ್ಯೂಕ್ ಒಂಟಿ ಸವಾರನ ಬೈಕು, ಅದನ್ನ ಮನಸ್ಸಿಂದ ತೆಗೆದುಬಿಡಿ.

ಬಜೆಟ್ ಬಿಗಿ ಇದ್ರೆ 350ರ ಕಡೆಯೂ ಕಣ್ಣು ಹಾಯಿಸಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ 18%, ಅದರ ಮೇಲೆ 40%. ಹೋಂಡಾ ಸಿಬಿ350 ಥರದ್ದು 21 ಪಿಎಸ್ ಅಷ್ಟೇ, ಸ್ಪೋರ್ಟಿ ಅನ್ನೋಕಾಗಲ್ಲ, ಆದ್ರೆ ಎಂಬತ್ತರಲ್ಲಿ ನೆಮ್ಮದಿಯಾಗಿ ಹೋಗುತ್ತೆ.

ಯಾವುದೇ ತಗೊಳ್ಳಿ, ಇಬ್ಬರು ಕೂರುವ ಮೊದಲು ಹಿಂದಿನ ಸಸ್ಪೆನ್ಷನ್ನಿನ ಪ್ರೀಲೋಡ್, ಅಂದ್ರೆ ಅದರ ಸ್ಪ್ರಿಂಗಿನ ಬಿಗಿತ, ಹೆಚ್ಚಿಸಿ. ನನಗೆ ಇದು ಗೊತ್ತಾಗೋಕೆ ಒಂದು ರಾತ್ರಿ ಬೇಕಾಯ್ತು. ಚನ್ನರಾಯಪಟ್ಟಣದ ಹತ್ತಿರ ಎದುರು ಬಂದವರೆಲ್ಲ ನನಗೇ ಡಿಪ್ಪರ್ ಹೊಡೀತಿದ್ದರು. ನಾನು ಲೋ ಬೀಮಲ್ಲೇ ಇದ್ದೆ! ನಿಲ್ಲಿಸಿ ನೋಡಿದ್ರೆ ಗಾಡಿಯ ಹಿಂಭಾಗ ಕುಸಿದು ಬೆಳಕು ತೆಂಗಿನಮರದ ಸುಳಿಗೆ ಬೀಳ್ತಿತ್ತು. ಹಿಂದೆ ಕುಸಿದ್ರೆ ಮುಂದಿನ ಚಕ್ರದ ಮೇಲಿನ ಭಾರ ಕಮ್ಮಿಯಾಗಿ ಘಾಟಿಯ ತಿರುವುಗಳಲ್ಲಿ ಬೈಕು ಹೊರಕ್ಕೆ ಎಳೆಯುತ್ತೆ. ಚಾರ್ಮಾಡಿಯಲ್ಲಿ ಅದು ತಮಾಷೆಯಲ್ಲ. ಹಿಂದಿನ ಟೈರಿನ ಗಾಳಿಯನ್ನೂ ಮ್ಯಾನ್ಯುಯಲ್ ನೋಡಿ ಇಬ್ಬರ ಭಾರಕ್ಕೆ ಹೊಂದಿಸಿ.

ಟೆಸ್ಟ್ ರೈಡಿಗೆ ಹೋಗುವಾಗ ಮನೆಯಿಂದ ಎರಡು ಹೆಲ್ಮೆಟ್ ಒಯ್ಯಿರಿ. ಶೋರೂಮಲ್ಲಿ ಸಾಮಾನ್ಯವಾಗಿ ಒಂದೇ ಕೊಡ್ತಾರೆ, ಮತ್ತೆ ಆ ಟಕ್ ಶಬ್ದ ಕೇಳೋಕೆ ಎರಡು ಬೇಕು.