ಅಪ್ಪನ 150 ಹಳೇ ಕನ್ನಡ ಹಾಡಿನ ಕ್ಯಾಸೆಟ್‌ಗಳನ್ನು ಬೇಗ ಎಂಪಿ3 ಮಾಡಿ ವಾಟ್ಸಾಪ್ ಗುಂಪಿಗೆ ಹಾಕಬೇಕು. ಕರಕರ ಸದ್ದು ತೆಗೆಯೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?

ಬೇಗ ಮಾಡಬೇಡಿ. ನೂರೈವತ್ತನ್ನೂ ಮಾಡಬೇಡಿ. ಸಾಫ್ಟ್‌ವೇರಿನ ಮಾತು ಕೊನೆಗೆ.

ಹನ್ನೊಂದು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನದಾಗಿತ್ತು. ನನ್ನ ಹತ್ತಿರ ಇದ್ದದ್ದು 140 ಕ್ಯಾಸೆಟ್. ಅರ್ಧ ಅಂಗಡಿಯಲ್ಲಿ ಕೊಂಡವು, ಉಳಿದರ್ಧ ಟೂ ಇನ್ ಒನ್‌ನಲ್ಲಿ ರೇಡಿಯೊದಿಂದ ಹಿಡಿದವು. ರಾತ್ರಿ ಊಟ ಮುಗಿಸಿ ದಿನಕ್ಕೆ ಎರಡರಂತೆ ಎರಡೂವರೆ ತಿಂಗಳು ಕೂತೆ. ಕ್ಯಾಸೆಟ್ ಹಾಕುವ ಮೆಷಿನ್ನಿನಿಂದ, ಅಂದರೆ ಡೆಕ್‌ನಿಂದ, ಲ್ಯಾಪ್‌ಟಾಪಿಗೆ ವೈರು, ಎಡ ಬಲ ಎರಡೂ ಚಾನೆಲ್ ಕೂಡಿಸಿ ಒಂದೇ ಮಾಡಿದೆ, 128 ಕೆಬಿಪಿಎಸ್‌ಗೆ ಇಳಿಸಿದೆ, ಗುಂಪಿಗೆ ಹಾಕಿದೆ. ಕ್ಯಾಸೆಟ್‌ಗಳನ್ನು ಗುಜರಿಗೆ ಕೊಟ್ಟೆ. ಆಮೇಲೊಂದು ದಿನ ಸ್ನೇಹಿತರ ಮನೆಯಲ್ಲಿ ನನ್ನ ಫೈಲನ್ನೂ ಕಂಪನಿಯವರು ಬಿಟ್ಟಿರುವ ಪ್ರತಿಯನ್ನೂ ಒಂದರ ಹಿಂದೊಂದು ಹಾಕಿದೆವು. ಎಸ್. ಜಾನಕಿಯವರ ‘ಪೂಜಿಸಲೆಂದೇ’. ನನ್ನ ಫೈಲಿನಲ್ಲಿ ಅವರು ‘ಪೂಜಿಹಲೆಂದೇ’ ಅಂತ ಹಾಡುತ್ತಿದ್ದರು. ‘ಸ’ ಇಲ್ಲವೇ ಇಲ್ಲ.

ಎಂಪಿ3 ಮಾಡಿದ್ದರಿಂದ ಹಾಗಾಯಿತು ಅಂತ ಎಲ್ಲರೂ ಹೇಳಿದರು. ಅಲ್ಲ. ಹೆಡ್, ಅಂದರೆ ಡೆಕ್ಕಿನಲ್ಲಿ ಟೇಪನ್ನು ಓದುವ ಭಾಗ, ಅದನ್ನು ಅಡ್ಜಸ್ಟ್ ಮಾಡದೆ ಎರಡು ಚಾನೆಲ್ ಕೂಡಿಸಿದ್ದರಿಂದ ಹಾಗಾಯಿತು. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ಈಗಲೂ ಹತ್ತರಲ್ಲಿ ಎಂಟು ಜನ ಇದನ್ನೇ ಮಾಡುತ್ತಾರೆ.

ಕ್ಯಾಸೆಟ್ ಟೇಪಿನ ಅಗಲ 3.81 ಮಿಲಿಮೀಟರ್. ಒಂದು ಸೈಡಿಗೆ ಸಿಗುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ: ಎಡ ಚಾನೆಲ್‌ಗೆ 0.6, ನಡುವೆ 0.3 ಖಾಲಿ, ಬಲ ಚಾನೆಲ್‌ಗೆ 0.6. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ 10,000 ಹರ್ಟ್ಸ್‌ನ ಸದ್ದಿನ ಒಂದು ಅಲೆ ಟೇಪಿನ ಮೇಲೆ 4.76 ಮೈಕ್ರಾನ್ ಉದ್ದ, ತಲೆಗೂದಲಿನ ದಪ್ಪದಲ್ಲಿ ಹತ್ತಕ್ಕಿಂತ ಹೆಚ್ಚು ಅಲೆ ಕೂರುತ್ತವೆ. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನಿಂತಿರಬೇಕು. ಒಂದು ಡಿಗ್ರಿಯ ಏಳನೇ ಒಂದು ಭಾಗ ವಾಲಿದರೆ ಸಾಕು, ಎಡ ಚಾನೆಲ್ ಬಲಕ್ಕಿಂತ ಅರ್ಧ ಅಲೆ ಹಿಂದೆ ಬೀಳುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತಿರುತ್ತದೆ. ಕೂಡಿಸಿದರೆ ಸೊನ್ನೆ. ‘ಸ’, ‘ಶ’, ಗೆಜ್ಜೆ, ತಾಳ, ತಬಲಾದ ಕಿನಾರ್, ಎಲ್ಲ ಹೋಗುವುದು ಅಲ್ಲೇ.

ಹೊಟ್ಟೆ ಉರಿಯುವ ಸಂಗತಿ ಅಂದರೆ, ಅಷ್ಟೇ ವಾಲಿದ ಹೆಡ್ಡಿನಿಂದ ಒಂದೊಂದು ಚಾನೆಲ್ ಬಿಡಿಯಾಗಿ ಕಳೆದುಕೊಳ್ಳುವುದು ಒಂದೂವರೆ ಡೆಸಿಬೆಲ್ ಮಾತ್ರ. ಕಿವಿಗೆ ಗೊತ್ತೇ ಆಗಲ್ಲ. ಕೂಡಿಸಿ ಒಂದೇ (ಮೊನೊ) ಮಾಡದೆ ಎರಡು ಚಾನೆಲ್ ಬೇರೆ ಬೇರೆ (ಸ್ಟೀರಿಯೊ) ಆಗಿಯೇ ಉಳಿಸಿದ್ದರೆ ಕಂಪ್ಯೂಟರಿನಲ್ಲಿ ಒಂದು ಚಾನೆಲ್ಲನ್ನು ಎರಡು ಸ್ಯಾಂಪಲ್, ಅಂದರೆ ಡಿಜಿಟಲ್ ರೆಕಾರ್ಡಿಂಗಿನ ಅತಿ ಚಿಕ್ಕ ಎರಡು ಹೆಜ್ಜೆ, ಹಿಂದೆ ಮುಂದೆ ಸರಿಸಿ ಇವತ್ತೂ ಸರಿಮಾಡಬಹುದಿತ್ತು. ಕೂಡಿಸಿ ಆದಮೇಲೆ ಬೇರ್ಪಡಿಸಲು ಬರುವುದಿಲ್ಲ, ಹಾಲಿಗೆ ಬಿದ್ದ ನೀರು ಅದು. ‘ಹಳೇ ಹಾಡು ಹೇಗೂ ಮೊನೊ, ಎರಡು ಚಾನೆಲ್ ಯಾಕೆ’ ಅನ್ನುವ ಜಾಣತನ ಮಾಡಿದ ಕೆಲಸ. ಆ ಕಾಲದ ನಮ್ಮ ಚಿತ್ರಗೀತೆಗಳು ಬಹುತೇಕ ಮೊನೊ ಅನ್ನುವುದು ನಿಜ. ಕೂಡಿಸಿದರೆ ಟೇಪಿನ ಹಿಸ್ (ಹಾಡಿನ ಹಿಂದೆ ಸದಾ ಕೇಳುವ ‘ಸ್’ ಸದ್ದು) 3 ಡೆಸಿಬೆಲ್ ಕಡಿಮೆಯಾಗುವುದೂ ನಿಜ. ಆದರೆ ಹೆಡ್ ಸರಿಯಿದ್ದಾಗ ಮಾತ್ರ.

ಹೆಡ್ಡನ್ನು ಒಂದು ಸಲ ಸರಿಮಾಡಿದರೆ ಸಾಲದು. ಕಂಪನಿ ಕ್ಯಾಸೆಟ್‌ಗಳು ಬೇರೆ ಬೇರೆ ಕಾಪಿ ಮೆಷಿನ್ನಿನಲ್ಲಿ ಆದವು, ಮನೆಯಲ್ಲಿ ಹಿಡಿದವು ಆಗಿನ ಟೂ ಇನ್ ಒನ್ನಿನ ಹೆಡ್ ಎಷ್ಟು ವಾಲಿತ್ತೋ ಅಷ್ಟೇ ವಾಲಿರುತ್ತವೆ. ಹಾಗಾಗಿ ಪ್ರತಿ ಕ್ಯಾಸೆಟ್ಟಿಗೂ, ಪ್ರತಿ ಸೈಡಿಗೂ ಹೊಸದಾಗಿ ನೋಡಬೇಕು.

ಮಾಡುವುದು ಹೀಗೆ. ಡೆಕ್ಕಿನ ಮುಚ್ಚಳ ತೆಗೆದಿಟ್ಟು ಪ್ಲೇ ಒತ್ತಿ. ಹೆಡ್ಡಿನ ಎರಡೂ ಪಕ್ಕ ಒಂದೊಂದು ಸ್ಕ್ರೂ ಕಾಣುತ್ತದೆ. ಸ್ಪ್ರಿಂಗ್ ಇರುವ ಸ್ಕ್ರೂ ನಿಮ್ಮದು, ಇನ್ನೊಂದನ್ನು ಮುಟ್ಟಬೇಡಿ. ಈಗಿರುವ ಜಾಗಕ್ಕೆ ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಡಿ, ದಾರಿ ತಪ್ಪಿದರೆ ವಾಪಸ್ ಬರೋಕೆ. ಮ್ಯಾಗ್ನೆಟ್ ಹಿಡಿಯದ ಸಣ್ಣ ಸ್ಕ್ರೂಡ್ರೈವರ್ ಬೇಕು. ಹೆಡ್‌ಫೋನಿನಲ್ಲಿ ಮೊನೊ ಕೇಳುತ್ತಾ ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟೇ ಅತ್ತ ಇತ್ತ ತಿರುಗಿಸಿ. ಕಂಬಳಿ ಹೊದ್ದು ಹಾಡಿದಂತಿದ್ದ ದನಿ ಒಂದು ಕಡೆ ತಟ್ಟನೆ ತೆರೆದುಕೊಳ್ಳುತ್ತದೆ, ಅದನ್ನು ದಾಟಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ‘ಸ’ ಅತಿ ಚೂಪಾಗುವ ಬಿಂದುವಿನಲ್ಲಿ ನಿಲ್ಲಿಸಿ. ಕೇಳುವುದು ಮೊನೊದಲ್ಲಿ, ರೆಕಾರ್ಡ್ ಮಾಡುವುದು ಸ್ಟೀರಿಯೊದಲ್ಲಿ.

ಕಿವಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ ಇದೆ. ರೆಕಾರ್ಡ್ ಆದದ್ದನ್ನು ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಎರಡು ಮೊನೊ ಟ್ರ್ಯಾಕ್ ಆಗಿ ಒಡೆಯಿರಿ, ಎರಡರ ಮಟ್ಟ ಸಮ ಮಾಡಿ, ಒಂದನ್ನು ಇನ್ವರ್ಟ್ ಮಾಡಿ (ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಕೂಡಿಸಿ ಕೇಳಿ. ಹಾಡು ಮೊನೊ ಆಗಿದ್ದು ಹೆಡ್ ಸರಿಯಿದ್ದರೆ ಹಾಡು ಮಾಯವಾಗಿ ಬರೀ ಹಿಸ್ ಉಳಿಯುತ್ತದೆ. ‘ಸ್ ಸ್’ ಅಂತ ಪಿಸುಗುಟ್ಟುವ ದನಿ ಉಳಿದರೆ ಹೆಡ್ ಇನ್ನೂ ವಾಲಿದೆ.

ಇನ್ನು ಮೆಷಿನ್. ಅಗ್ಗಕ್ಕೆ ಆನ್‌ಲೈನಿನಲ್ಲಿ ಸಿಗುವ ವಾಕ್‌ಮನ್ ಥರದ ಯುಎಸ್‌ಬಿ ಪ್ಲೇಯರ್ ಬೇಡವೇ ಬೇಡ, ವೇಗ ನಿಲ್ಲಲ್ಲ, ಶ್ರುತಿ ತೂಗಾಡುತ್ತದೆ. ಹಳೇ ಡೆಕ್ ಒಂದನ್ನು ಹುಡುಕಿ. ಬೆಂಗಳೂರಿನವರಾದರೆ ಎಸ್‌.ಪಿ. ರೋಡಿನಲ್ಲಿ ವಿಚಾರಿಸಿ. ಡೆಕ್ ಓಡದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಒಳಗಿನ ರಬ್ಬರ್ ಬೆಲ್ಟ್ ಕರಗಿ ಟಾರಿನಂತಾಗಿರುತ್ತದೆ. ಅದನ್ನು ಆಲ್ಕೊಹಾಲ್ ಹಾಕಿ ಒರೆಸಿ ಅದೇ ಅಳತೆಯ ಬೆಲ್ಟ್ ಹಾಕಿಸಿದರೆ ಆಯಿತು. ಹೆಡ್ ಮತ್ತು ಟೇಪನ್ನು ಎಳೆಯುವ ಲೋಹದ ಕಡ್ಡಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ರಬ್ಬರ್ ರೋಲರಿಗೆ ಸೋಪು ನೀರು. ರಬ್ಬರಿಗೆ ಆಲ್ಕೊಹಾಲ್ ಹಾಕಿ ಹಾಕಿ ಬಿರುಕು ಬಿಡಿಸಬೇಡಿ. ವೇಗ ನೋಡಲು ಟೆಸ್ಟ್ ಕ್ಯಾಸೆಟ್ ಇಲ್ಲದಿದ್ದರೆ, ಕಂಪನಿಯ ಡಿಜಿಟಲ್ ಪ್ರತಿ ಇರುವ ಹಾಡೊಂದನ್ನು ಜೊತೆಗಿಟ್ಟು ಶ್ರುತಿ ಹೋಲಿಸಿ. ಅರ್ಧ ಸ್ವರ ಏರಿದ್ದರೆ ವೇಗ ಸುಮಾರು 6 ಶೇಕಡಾ ಹೆಚ್ಚು. ಅನೇಕ ಮೋಟಾರಿನ ಹಿಂದೆ ಸಣ್ಣ ತೂತಿರುತ್ತದೆ, ಒಳಗಿನ ಸ್ಕ್ರೂ ತಿರುಗಿಸಿದರೆ ವೇಗ ಬದಲಾಗುತ್ತದೆ.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರು ಚುಚ್ಚಬೇಡಿ. ಅದು ಸಾಮಾನ್ಯವಾಗಿ ಮೊನೊ, ಡೆಕ್ಕಿನಿಂದ ಬರುವ ಜೋರಾದ (ಲೈನ್ ಮಟ್ಟದ) ಸಿಗ್ನಲ್ ಅಲ್ಲಿ ಒಡೆಯುತ್ತದೆ. ಅಂಥ ಸಿಗ್ನಲ್ಲಿಗೆಂದೇ ‘ಲೈನ್ ಇನ್’ ತೂತು ಇರುವ ಯುಎಸ್‌ಬಿ ಇಂಟರ್‌ಫೇಸ್ (ಡೆಕ್ಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ಬೇಕು. 44.1 ಕಿಲೋಹರ್ಟ್ಸ್, 24 ಬಿಟ್, ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ದಾಟದಂತೆ. ನಿಮಿಷಕ್ಕೆ ಸುಮಾರು 16 ಎಂಬಿ ಆಗುತ್ತದೆ, 60 ನಿಮಿಷದ ಕ್ಯಾಸೆಟ್ ಒಂದಕ್ಕೆ ಒಂದು ಜಿಬಿಗಿಂತ ಚೂರು ಕಡಿಮೆ. ಇವತ್ತಿನ ಹಾರ್ಡ್ ಡಿಸ್ಕ್ ಬೆಲೆಯಲ್ಲಿ ಇದಕ್ಕೆ ಜಿಪುಣತನ ಬೇಡ. ಇದೇ ನಿಮ್ಮ ಮೂಲ ಪ್ರತಿ, ಇದರ ಮೇಲೆ ಏನೂ ಮಾಡಬೇಡಿ, ಇನ್ನೊಂದು ಕಾಪಿ ಬೇರೆ ಡಿಸ್ಕಿನಲ್ಲಿಡಿ.

ಡೆಕ್ಕಿಗೆ ಹಾಕುವ ಮುಂಚೆ ಕ್ಯಾಸೆಟ್ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯಿರಿ, ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಮಲಗಿದ್ದ ಟೇಪು ಸುರುಳಿಗೆ ಅಂಟಿಕೊಂಡಿರುತ್ತದೆ. ದನಿ ಬಂದು ಬಂದು ಹೋಗುತ್ತಿದ್ದರೆ ಟೇಪಿನ ಹಿಂದಿನ ಚಿಕ್ಕ ಫೆಲ್ಟ್ ತುಂಡು ಉದುರಿದೆಯೇ ನೋಡಿ. ಉದುರಿದ್ದರೆ ಐದು ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಖಾಲಿ ಹೊದಿಕೆಗೆ ಸುರುಳಿ ಎರಡನ್ನೂ ಎತ್ತಿಡಿ. ಮಲೆನಾಡು, ಕರಾವಳಿಯ ಮನೆಯ ಪೆಟ್ಟಿಗೆಯಾದರೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಇರುವುದು ಹೆಚ್ಚು. ಅವನ್ನು ಬೇರೆ ಇಡಿ, ಮಾಸ್ಕ್ ಹಾಕಿಕೊಳ್ಳಿ, ಒಳ್ಳೇ ಡೆಕ್ಕಿಗೆ ಹಾಕಲೇಬೇಡಿ, ಒಂದರದ್ದು ಎಲ್ಲಕ್ಕೂ ಹಬ್ಬುತ್ತದೆ.

ಈಗ ನಿಮ್ಮ ಸಾಫ್ಟ್‌ವೇರ್. ಪುಕ್ಕಟೆ ಸಿಗುವ ಆಡಾಸಿಟಿ ಸಾಕು. ಹಾಡಿನ ನಡುವಿನ ಖಾಲಿ ಜಾಗದಿಂದ ಒಂದೆರಡು ಸೆಕೆಂಡ್ ಹಿಸ್ ಆರಿಸಿ ನಾಯ್ಸ್ ಪ್ರೊಫೈಲ್ ತೆಗೆದುಕೊಳ್ಳಿ, 6 ಡೆಸಿಬೆಲ್ ಇಳಿಸಿ, ಅಲ್ಲಿಗೆ ನಿಲ್ಲಿಸಿ. ಹಿಸ್ ಪೂರ್ತಿ ಹೋಗಲಿ ಅಂತ 20ಕ್ಕೆ ಎಳೆದರೆ ಬಾವಿಯೊಳಗಿಂದ ಹಾಡಿದಂತಾಗುತ್ತದೆ, ತಂಬೂರಿ ಗುಳುಗುಳು ಅನ್ನುತ್ತದೆ. ಗೊಂಯ್ ಅನ್ನುವ ಸದ್ದಿದ್ದರೆ ಅದು ಕರೆಂಟಿನ 50 ಹರ್ಟ್ಸ್, ಜೊತೆಗೆ 100. ಫಿಲ್ಟರ್ ಹಾಕುವ ಮುಂಚೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಹಿಸ್ ಇದ್ದರೆ ಇರಲಿ ಬಿಡಿ. ಎರಡು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ. ಕಳೆದುಹೋದ ‘ಸ’ವನ್ನು ಮರೆಯಲ್ಲ.

ನೂರೈವತ್ತೂ ಯಾಕೆ ಬೇಡ ಅಂದೆನೆಂದರೆ, ಎಚ್‌ಎಂವಿ, ಸಂಗೀತಾ, ಲಹರಿ ಕ್ಯಾಸೆಟ್ಟುಗಳಲ್ಲಿ ಇರುವ ಹಾಡುಗಳಲ್ಲಿ ಹೆಚ್ಚಿನವು ಮಾಸ್ಟರಿನಿಂದಲೇ ಆದ ಪ್ರತಿಯಾಗಿ ಆನ್‌ಲೈನಿನಲ್ಲಿವೆ. ನಿಮ್ಮ ಕ್ಯಾಸೆಟ್ ಅದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. ಪೆಟ್ಟಿಗೆಯಲ್ಲಿ ನಿಜವಾಗಿ ಬೆಲೆಯುಳ್ಳದ್ದು ಕೈಬರಹದ ಲೇಬಲ್ಲಿನವು: ಆಕಾಶವಾಣಿಯ ಭಾವಗೀತೆ, ನಾಟಕ, ಸಂದರ್ಶನ, ಊರಿನ ಹರಿಕಥೆ, ತಾಳಮದ್ದಳೆ, ಮದುವೆಯಲ್ಲಿ ಅತ್ತೆ ಹಾಡಿದ ಸೋಬಾನೆ. ನಾನು ಗುಜರಿಗೆ ಕೊಟ್ಟದ್ದರಲ್ಲಿ ಇಂಥವು ಇಪ್ಪತ್ತರ ಮೇಲಿದ್ದವು. ಮೊದಲು ಅವನ್ನು ತೆಗೆಯಿರಿ. ನಿಮ್ಮ ಪೆಟ್ಟಿಗೆಯಲ್ಲಿ ಮೂವತ್ತು ಸಿಕ್ಕರೆ ದೊಡ್ಡದು.

ವಾಟ್ಸಾಪ್ ಗುಂಪಿನ ಆಲೋಚನೆಯೂ ನನಗೆ ಒಪ್ಪಿಗೆಯಿಲ್ಲ. ಕಾನೂನು ಹಾಗಿರಲಿ ಅನ್ನುವಂತಿಲ್ಲ: ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. 1974ರ ಹಾಡು 2034ರ ಕೊನೆಯವರೆಗೂ ಕಂಪನಿಯದ್ದೇ, ಸಾಹಿತ್ಯ ಸಂಗೀತದ ಹಕ್ಕು ಬೇರೆ. ಆನ್‌ಲೈನಿನಲ್ಲಿರುವ ಹಾಡಿಗೆ ಲಿಂಕ್ ಕಳಿಸಿ, ಫೈಲ್ ಬೇಡ. ಅದಕ್ಕಿಂತ ದೊಡ್ಡ ತೊಂದರೆ, ದಿನಕ್ಕೆ ಇಪ್ಪತ್ತು ಹಾಡು ಬಂದು ಬಿದ್ದರೆ ಯಾರೂ ಕೇಳಲ್ಲ. ಕೈ ಮುಗಿದ ಎಮೋಜಿ, ‘ಆ ಕಾಲವೇ ಚಂದ’, ಮುಗಿಯಿತು. ಕೇಳಿದವರೂ ಫೋನಿನ ಸ್ಪೀಕರಿನಲ್ಲಿ ಕೇಳುತ್ತಾರೆ, ಅದರಲ್ಲಿ ತಬಲಾದ ಡಗ್ಗಾ ಬರುವುದೇ ಇಲ್ಲ.

ಆರೆಂಟು ಜನ ತಿಂಗಳಿಗೊಮ್ಮೆ ಒಂದು ಮನೆಯಲ್ಲಿ ಕೂತುಕೊಳ್ಳಿ. ತಲಾ ಒಂದೇ ಹಾಡು ತರಬೇಕು. ಎರಡು ಸಲ ಹಾಕಿ, ಮೊದಲ ಸಲ ಯಾರೂ ಮಾತಾಡಬಾರದು, ವಿಡಿಯೊ ಇರಬಾರದು, ತೆರೆಯ ಮೇಲೆ ನಾಯಕ ಕಂಡ ಕೂಡಲೇ ಮಾತು ಹಾಡು ಬಿಟ್ಟು ನಾಯಕನ ಕಡೆ ಹೊರಳುತ್ತದೆ. ತಂದವರು ಒಂದು ಚೀಟಿ ಬರೆದು ತರಲಿ: ಚಿತ್ರ, ವರ್ಷ, ಸಂಗೀತ, ಸಾಹಿತ್ಯ, ಗಾಯಕರು, ಪ್ರತಿ ಎಲ್ಲಿಯದು. ಸಾಹಿತ್ಯದ ಸಾಲೇ ಹೆಚ್ಚು ತಪ್ಪುವುದು, ಕ್ಯಾಸೆಟ್ ಕಾರ್ಡನ್ನು ನಂಬಬೇಡಿ. ಚಿತ್ರದ ಟೈಟಲ್ ಕಾರ್ಡಿನಲ್ಲಿ ಕವಿಗಳ ಹೆಸರು ಒಟ್ಟಿಗೆ ಬರುತ್ತದೆ, ಯಾವ ಹಾಡು ಯಾರದು ಅಂತಿರುವುದಿಲ್ಲ. ಗೊತ್ತಿಲ್ಲದಿದ್ದರೆ ‘ಚಿ. ಉದಯಶಂಕರ್’ ಅಂತ ಬರೆದುಬಿಡುವ ಚಾಳಿ ನಮ್ಮಲ್ಲಿದೆ. 1967ರ ‘ಬೆಳ್ಳಿ ಮೋಡ’ದ ಮೂಡಲ ಮನೆಯ ಹಾಡು ಬೇಂದ್ರೆಯವರ ‘ಬೆಳಗು’ ಕವಿತೆ ಅಂತ ತಿಳಿಯದೆ ಜಗಳಕ್ಕೆ ಬಂದವರನ್ನು ನೋಡಿದ್ದೇನೆ. ಹಾಗೆಯೇ ರಾಜ್‌ಕುಮಾರ್ ಹಾಡಲು ಶುರುಮಾಡಿದ್ದು 1974ರ ‘ಸಂಪತ್ತಿಗೆ ಸವಾಲ್’ನಿಂದ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅಲ್ಲಿಂದಾಚೆ ತಮ್ಮ ಹಾಡುಗಳನ್ನು ತಾವೇ ಹಾಡುತ್ತಾ ಹೋದರು ಅನ್ನಿ, ಒಪ್ಪುತ್ತೇನೆ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲೇ ಎಸ್. ಜಾನಕಿ ಜೊತೆ ಯುಗಳಗೀತೆ ಹಾಡಿದ್ದಾರೆ. ಇಂಥದ್ದೊಂದು ಸಿಕ್ಕರೆ ಅರ್ಧ ಗಂಟೆ ಕಾಫಿ ಆರುತ್ತದೆ.

ಮನೆಯಲ್ಲೇ ಆದ ರೆಕಾರ್ಡಿಂಗ್, ಅತ್ತೆಯ ಸೋಬಾನೆಯಂಥದ್ದು, ಆ ಫೈಲನ್ನು ಮನೆಯವರಿಗೆಲ್ಲ ಧಾರಾಳವಾಗಿ ಕಳಿಸಿ, ಆಗ 192ರ ಎಂಪಿ3 ಸಾಕು. ಕ್ಯಾಸೆಟ್ ಮಾತ್ರ ರಿವೈಂಡ್ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ನಿಲ್ಲಿಸಿ, ಸ್ಪೀಕರಿನಿಂದ ದೂರ ಇಡಿ. ನನ್ನಂತೆ ಗುಜರಿಗೆ ಕೊಡಬೇಡಿ, ಎರಡು ಮೂರು ವರ್ಷ ಕಳೆದ ಮೇಲೆ ಕಿವಿ ಪಳಗಿದಾಗ ಕೆಲವನ್ನು ಮತ್ತೆ ಮೊದಲಿಂದ ಮಾಡಬೇಕು ಅನ್ನಿಸುತ್ತದೆ.